ಮಾಳೂನ ಗೋಳಗುಮ್ಮಟ

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದ ಮಾಳು ಹೊಸ ಹೋಮ್ ಥಿಯೇಟರ್ ತಂದು ತಿಂಗಳಾಗಿತ್ತು. ಆದರೆ ಅದನ್ನು ಮನಸಾರೆ ಕೇಳುವ ಭಾಗ್ಯ ಮಾತ್ರ ಇನ್ನೂ ಬಂದಿರಲಿಲ್ಲ. ರಿಮೋಟಿನಲ್ಲಿ ಹಾಲ್, ಸ್ಟೇಡಿಯಂ ಅಂತೆಲ್ಲ ಗುಂಡಿಗಳಿದ್ದವು. ಯಾವುದನ್ನು ಒತ್ತಿದರೂ ಆ ಜಾಗದಲ್ಲೇ ಕೂತು ಕೇಳಿದ ಹಾಗೆ ದನಿ ಬರುತ್ತಿತ್ತು. ಅವನು ಒತ್ತುವುದೇ ತಡ, ಹೆಂಡತಿ ರಂಜನಾ ಅಡುಗೆಮನೆಯಿಂದ ಕೂಗುತ್ತಿದ್ದಳು: "ಕಾಲು ಚಾಚಾಕ ಜಾಗಾ ಇಲ್ಲ, ಸ್ಟೇಡಿಯಂ ಬೇಕಂತ ಸ್ಟೇಡಿಯಂ! ಬಂದ್ ಮಾಡ್ರಿ!"

ಆ ಬುಧವಾರ ರಂಜನಾ ತುಬಚಿಯ ತವರಿಗೆ ಹೊರಟಳು. ಅವಳನ್ನು ಬಸ್ಸು ಹತ್ತಿಸಿದ ಮಾಳು ಓಡುತ್ತಲೇ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಇನ್ನುಳಿದದ್ದು ರಜೆ ಕೇಳುವುದು. ಸಾಹೇಬರಾದ ವೃಷಭ ಅವರಿಗೆ ಸುಳ್ಳು ಹೇಳುವುದೆಂದರೆ ಮೊಸಳೆಯ ಬಾಯಲ್ಲಿ ಹಲ್ಲು ಎಣಿಸಿದ ಹಾಗೆ. ಫೋನಿನಲ್ಲಿ ಬೆಕ್ಕು ಕೂಗಿದರೂ "ಮನ್ಯಾಗ ಅದಿಯೇನು?" ಅನ್ನುವ ಮನುಷ್ಯ. ಮಾಳು ಸೆಟ್ಟಿಗೆ ಮೈಕು ಸಿಗಿಸಿ, ಹಾಲ್ ಒತ್ತಿ, ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ನರಳಿದ.

"ಸಾಹೇಬ್ರ... ದವಾಖಾನ್ಯಾಗ ಅದೀನ್ರಿ... ಎದಿ ಹಿಡದೈತ್ರಿ..."

ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ನರಳಿದಂತೆಯೇ ಇತ್ತು. ಸಾಹೇಬರು "ಆತು, ಆರಾಮ ತಗೊ" ಅಂದರು.

ವಾಲ್ಯೂಮು ಎಷ್ಟಿದೆ ಎಂದು ಮಾತ್ರ ಮಾಳು ನೋಡಿರಲಿಲ್ಲ. 'ಎದಿ ಹಿಡದೈತ್ರಿ' ಎಂಬುದು ಗೋಳಗುಮ್ಮಟದಲ್ಲಿ ಕೂಗಿದ ಹಾಗೆ ಓಣಿಯ ಆ ತುದಿಯತನಕ ಮೊಳಗಿತ್ತು.

ಎದುರುಮನೆಯ ಅನಸವ್ವ ಬಾಗಿಲು ಗುದ್ದಿದಳು. ಹಿಂದೆಯೇ ಪಕ್ಕದ ಮನೆಯ ಶಿವಯೋಗೆಪ್ಪ ಟಂಟಂ ಗಾಡಿ ಕರೆದುಕೊಂಡೇ ಬಂದ.

"ಏನೂ ಆಗಿಲ್ಲಬೇ ಯಕ್ಕಾ, ಬರೇ ಮೈಕ್..."

"ಕೇಳ್ರಿ, ಮೈಕ್ ಅನ್ನಾಕತ್ತಾನ! ತಲಿಗೂ ಏರೈತಿ!" ಅನಸವ್ವ ಬಾಯಿ ಬಡಿದುಕೊಂಡಳು.

ಇಬ್ಬರೂ ಸೇರಿ ಅವನನ್ನು ಜೋಳದ ಚೀಲದ ಹಾಗೆ ಎತ್ತಿ ಗಾಡಿಗೆ ಹಾಕಿದರು. ನಿಜ ಬಾಯಿಬಿಟ್ಟರೆ ಶಿವಯೋಗೆಪ್ಪ ಅದನ್ನು ಸಂಜೆಯೊಳಗೆ ಕಾರ್ಖಾನೆಗೆ ಮುಟ್ಟಿಸುತ್ತಾನೆ. ಮಾಳು ಕಣ್ಣು ಮುಚ್ಚಿಕೊಂಡ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಸಲಾಯಿನ್ ಹಚ್ಚಿದರು. ಅನಸವ್ವನ ಫೋನು ಹೋಗಿ ರಂಜನಾ ತವರಿನ ಹೊಸ್ತಿಲಿಂದಲೇ ತಿರುಗಿ ಬಂದಳು. ಗಂಡನ ಕೈ ಹಿಡಿದು ಬಿಕ್ಕಿದಳು. "ಆ ಸೆಟ್ ಎಷ್ಟ ಬೇಕಾದ್ರೂ ಜೋರ ಹಚ್ಕೊಳ್ರಿ. ಇನ್ನ ನಾ ಒಂದ ಮಾತ ಅನ್ನಂಗಿಲ್ಲ."

ಆಗ ಮಾಳೂಗೆ ಖರೇನೆ ಎದೆ ಹಿಂಡಿತು. ಆದರೂ ಒಳಗೊಳಗೇ ಹಿಗ್ಗಿದ.

ಅಷ್ಟರಲ್ಲಿ, ಶಿವಯೋಗೆಪ್ಪನಿಂದ ಸುದ್ದಿ ತಿಳಿದು, ಎಳನೀರು ಹಿಡಿದು ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ ಕಿವಿಯ ಹತ್ತಿರ ಬಗ್ಗಿದರು.

"ಇದು ದವಾಖಾನಿ ಖರೆ. ಮುಂಜಾನಿ ಫೋನಿನ್ಯಾಗ ಕೇಳಿದ್ದು ಹಾಲ್ ಸೆಟ್ಟಿಂಗು."

ಮಾಳೂಗೆ ಸಲಾಯಿನ್ ಹನಿ ಅಲ್ಲೇ ನಿಂತಂತಾಯಿತು.

"ಹೆದರಬ್ಯಾಡಲೇ. ನನ್ನ ಹಂತೇಕನೂ ಅದ ಸೆಟ್ ಐತಿ. ನಮ್ಮ ಅವ್ವ ಹಚ್ಚಾಕ ಬಿಡಂಗಿಲ್ಲ." ಸಾಹೇಬರ ಕಣ್ಣಲ್ಲಿ ನೀರಾಡಿತು. "ನಿನ್ನ ಹೆಣ್ತಿ ಅಂದದ್ದು ಕೇಳೇನಿ. ಪುಣ್ಯವಂತ ನೀ. ನಾ ಯಾರಿಗೂ ಹೇಳಂಗಿಲ್ಲ. ನಾಳಿಂದ ಸಂಜಿಕ ನಿಮ್ಮ ಮನಿಗೆ ಬರ್ತೇನಿ."

ಬಂದರು. ಮರುದಿನ ಬಂದರು, ಅದರ ಮರುದಿನವೂ ಬಂದರು. ರಿಮೋಟು ಅವರ ತೊಡೆಯ ಮೇಲೆ, ಮೈಕು ಅವರ ಕೈಯಲ್ಲಿ. ಸಾಹೇಬರು ಸ್ಟೇಡಿಯಂ ಒತ್ತಿ ಹಾಡಲು ಶುರುಮಾಡಿದರೆ ಅನಸವ್ವ ಕಿಟಕಿ ಮುಚ್ಚುತ್ತಿದ್ದಳು. ರಂಜನಾ ಕೊಟ್ಟ ಮಾತಿಗೆ ತಪ್ಪದೆ ತುಟಿ ಕಚ್ಚಿಕೊಂಡು ಚಹಾ ಕಾಸುತ್ತಿದ್ದಳು. ಹಾಡು ಮುಗಿದಾಗ ಮಾಳು "ಭಾರೀ ಆತ್ರಿ ಸಾಹೇಬ್ರ" ಎಂದು ಚಪ್ಪಾಳೆ ತಟ್ಟಲೇಬೇಕಿತ್ತು. ಆ ಒಂಟಿ ಚಪ್ಪಾಳೆ ಮೈಕಿನೊಳಗೆ ಹೊಕ್ಕು ಸಾವಿರ ಮಂದಿ ತಟ್ಟಿದಂತೆ ಹೊರಬರುತ್ತಿತ್ತು. ಸಾಹೇಬರು ಉಬ್ಬಿಹೋಗಿ ಇನ್ನೊಂದು ಹಾಡು ಎತ್ತಿಕೊಳ್ಳುತ್ತಿದ್ದರು.