ಇಪ್ಪತ್ತೆಂಟು ಸೆಕೆಂಡಿನ ಅಜ್ಜ

ಗುಡ್ರುನ್: ಹಾರಿದ್ದು ಮುಗೀತು ಮಾರಾಯ, ಇನ್ನು ಓಡೋ ಮಾತಾಡು. ಬೆಳಗ್ಗೆಯಿಂದ ಅದೇ ರಾಗ!

ಟೋರ್ಲೈಫ್: ತೊಂಬತ್ತೇಳು ಮೀಟರ್ ಹಾರಿದ್ಲು ಕಣೇ ಮೊಮ್ಮಗಳು! ತೊಂಬತ್ತೇಳು! ಇಳಿದಿದ್ದು ಹೇಗೆ ಅಂತೀಯಾ, ಬೆಕ್ಕು ಇಳಿದ ಹಾಗೆ.

ಗುಡ್ರುನ್: ನೀನು ನೋಡಿದ್ಯಾ?

ಟೋರ್ಲೈಫ್: ಈ ಮಂಜಲ್ಲಿ ಯಾರಿಗೆ ಏನು ಕಾಣ್ಸುತ್ತೆ? ಸ್ಕೀ ನೆಲಕ್ಕೆ ತಾಗಿದ ಸದ್ದು ಕೇಳಿದೆ. ಸಾಕು ನಂಗೆ.

ಗುಡ್ರುನ್: ಪಕ್ಕದಲ್ಲಿ ಕೂತು ಕಾಫಿ ಬೇಕಾ ಅಂತ ಮೂರು ಸಲ ಕೇಳಿದ್ರೆ ಕೇಳ್ಸಲ್ಲ. ಗುಡ್ಡದಾಚೆ ಸ್ಕೀ ತಾಗಿದ್ದು ಮಾತ್ರ ಕೇಳ್ಸುತ್ತೆ, ಅಲ್ವಾ?

ಓಸ್ಲೋ ಊರಿನ ಮೇಲಿನ ಕಾಡಿನಲ್ಲಿ, ಓಟದ ದಾರಿ ಏರು ಹತ್ತುವ ಜಾಗದಲ್ಲಿ, ಇಬ್ಬರೂ ಎರಡು ದಿನದಿಂದ ಡೇರೆ ಹಾಕಿಕೊಂಡಿದ್ದರು. ಹಿಮದಲ್ಲಿ ತೋಡಿದ ಗುಂಡಿಯಲ್ಲಿ ಬೆಂಕಿ, ಬೆಂಕಿಯ ಮೇಲೆ ಸಾಸೇಜು, ಕೂರಲು ಹಿಮಸಾರಂಗದ ಚರ್ಮ. ಮೊಮ್ಮಗಳು ಸುನ್ನೀವ ವಿಶ್ವ ಚಾಂಪಿಯನ್‌ಶಿಪ್ಪಿಗೆ ಇಳಿದಿದ್ದಾಳೆ ಎಂದಮೇಲೆ ಮನೆಯಲ್ಲಿ ಕೂತು ಟೀವಿ ನೋಡುವ ಪೈಕಿ ಇವರಲ್ಲ.

ಅವಳ ಆಟದಲ್ಲಿ ಎರಡು ಭಾಗ. ಬೆಳಗ್ಗೆ ಗುಡ್ಡದ ಮೇಲಿಂದ ಸ್ಕೀ ಕಟ್ಟಿಕೊಂಡು ಹಾರಬೇಕು, ಮಧ್ಯಾಹ್ನ ಅದೇ ಕಾಲಲ್ಲಿ, ಸ್ಕೀ ಮೇಲೆಯೇ ಕೋಲು ಚುಚ್ಚುತ್ತ, ಎರಡು ಸುತ್ತಿನಲ್ಲಿ ಐದು ಕಿಲೋಮೀಟರ್ ಓಡಬೇಕು. ಹಾರುವುದನ್ನು ಕಲಿಸಿದವನು ಅಜ್ಜ, ಓಡುವುದನ್ನು ಕಲಿಸಿದವಳು ಅಜ್ಜಿ. ಹುಡುಗಿಗೆ ಇನ್ನೂ ಪದಕವೇ ಬಂದಿರಲಿಲ್ಲ, ಬಂದರೆ ಅದು ಯಾರದ್ದು ಎಂಬ ಜಗಳ ಮಾತ್ರ ಹದಿನೇಳು ವರ್ಷದಿಂದ ನಡೆದೇ ಇತ್ತು. ಈ ಸಲ ಪಂತವೂ ಬಿದ್ದಿತ್ತು. ಮನೆಯ ಹಿಂದೆ ಟೋರ್ಲೈಫ್ ಮೊಮ್ಮಗಳಿಗೆಂದು ಸ್ವಂತ ಕೈಯಿಂದ ಮಣ್ಣು ಹೊತ್ತು ಕಟ್ಟಿದ ಹಾರುದಿಬ್ಬವಿದೆ. ಸುನ್ನೀವ ಓಟದ ಬಲದಿಂದ ಗೆದ್ದರೆ ದಿಬ್ಬ ಕೆಡವಿ ಅಲ್ಲಿ ಗುಡ್ರುನ್ ಕರಂಟ್ ಹಣ್ಣಿನ ಗಿಡ ನೆಡುತ್ತಾಳೆ. ಟೋರ್ಲೈಫ್ ಏನೋ ಜಂಬದಲ್ಲಿ ಹೂಂ ಅಂದುಬಿಟ್ಟಿದ್ದ. ಆಮೇಲೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಪಕ್ಕದ ಡೇರೆಯ ಹಾಲ್ದೋರ್ ರೇಡಿಯೋ ಕಿವಿಗೆ ಹಿಡಿದುಕೊಂಡು ಇಣುಕಿದ.

ಹಾಲ್ದೋರ್: ಹಾರಾಟದಲ್ಲಿ ನಿಮ್ಮ ಹುಡುಗಿ ನಾಲ್ಕನೆಯವಳಂತೆ! ಮೊದಲನೆಯವಳು ಆಸ್ಟ್ರಿಯಾದವಳು. ಅವಳಿಗಿಂತ ಇಪ್ಪತ್ತೆಂಟು ಸೆಕೆಂಡು ಹಿಂದೆ ನಿಮ್ಮವಳು ಹೊರಡ್ತಾಳೆ.

ಟೋರ್ಲೈಫ್: ನಾಲ್ಕನೆಯವಳು! ಕೇಳಿದ್ಯಾ? ನನ್ನ ದಿಬ್ಬ!

ಗುಡ್ರುನ್: ಇಪ್ಪತ್ತೆಂಟು ಸೆಕೆಂಡು ಹಿಂದೆ. ಅದೂ ನಿನ್ನ ದಿಬ್ಬವೇ.

ಹಾಲ್ದೋರ್: ರೇಡಿಯೋ ಇಲ್ಲೇ ಇಟ್ಟಿರ್ತೀನಿ, ಅಂತರ ಎಷ್ಟು ಅಂತ ಆಗಾಗ ಹೇಳ್ತಾರೆ.

ಟೋರ್ಲೈಫ್: ಬೇಡಪ್ಪಾ ಬೇಡ. ಐವತ್ತು ವರ್ಷದ ಹಿಂದೆ ಇದೇ ದಾರಿ ಪಕ್ಕ ನಿಂತು ಓಡೋರಿಗೆ ಸೆಕೆಂಡು ಕೂಗಿ ಹೇಳಿದವನು ನಾನು. ಗಡಿಯಾರ ಇದೆ, ಪೆನ್ಸಿಲ್ ಇದೆ. ರೇಡಿಯೋದವರು ಬಿಸಿ ಕೋಣೇಲಿ ಕೂತು ಒದರ್ತಾರೆ, ಅವರಿಗೇನು ಗೊತ್ತು?

ಹಾಲ್ದೋರ್ ಹೆಗಲು ಕುಣಿಸಿ ಒಳಗೆ ಹೋದ. ಗುಡ್ರುನ್ ಸಾಸೇಜನ್ನು ಆಲೂಗಡ್ಡೆ ರೊಟ್ಟಿಯಲ್ಲಿ ಸುತ್ತಿ ಗಂಡನ ಕೈಗೆ ತುರುಕಿದಳು.

ಗುಡ್ರುನ್: ತಿನ್ನು, ಬಾಯಿಗೆ ಸ್ವಲ್ಪ ಬೇರೆ ಕೆಲಸ ಸಿಗಲಿ. ನಂಗೆ ಇಪ್ಪತ್ತೆಂಟರ ಭಯ ಇಲ್ಲ ಕಣೋ. ಆ ಹುಡುಗಿ ಹಿಡೀತಾಳೆ. ಹಿಡಿದ ಮೇಲಿಂದೇ ನನ್ನ ಭಯ.

ಟೋರ್ಲೈಫ್: ಅದೇನು?

ಗುಡ್ರುನ್: ಮುಂದೆ ಬಂದ್ಲು ಅಂದ್ರೆ ಮುಗೀತು, ಗೆದ್ದೆ ಅಂದ್ಕೊಂಡು ಹಿಂದೆ ತಿರುಗಿ ತಿರುಗಿ ನೋಡ್ತಾಳೆ. ಹೋದ ವರ್ಷ ಎರಡು ಸಲ ಕೊನೇ ತಿರುವಲ್ಲಿ ಕಳ್ಕೊಂಡ್ಲಲ್ಲ, ಮರೆತ್ಯಾ? ಎಷ್ಟು ಹೇಳಿದ್ರೂ ಬಿಡಲ್ಲ. ನಿನ್ನ ಬುದ್ಧಿ ಬಂದಿದೆ.

ಅಷ್ಟರಲ್ಲಿ ಕೆಳಗಿನಿಂದ, ನೋಡಲು ಬಂದವರು ಅಲ್ಲಾಡಿಸುವ ಹಸುಗಂಟೆಗಳ ಸದ್ದು ಏರುತ್ತ ಬಂತು. ಓಟ ಶುರುವಾಗಿತ್ತು. ಮಂಜಿನೊಳಗಿಂದ ಒಂದನೇ ನಂಬರಿನ ಆಸ್ಟ್ರಿಯಾದ ಹುಡುಗಿ ಹೊರಬಿದ್ದಳು. ಟೋರ್ಲೈಫ್ ಗಡಿಯಾರ ಒತ್ತಿದ. ಆಮೇಲೆ ಇಬ್ಬರು ಹೋದರು, ಅವರ ಬೆನ್ನಿಗೇ ಸುನ್ನೀವ. ಆಸ್ಟ್ರಿಯಾದವಳಿಗಿಂತ ಹದಿನಾಲ್ಕು ಸೆಕೆಂಡು ಹಿಂದೆ. ಟೋರ್ಲೈಫ್ ಕಾಗದದ ಮೇಲೆ ಹದಿನಾಲ್ಕು ಬರೆದ, ಕೆಳಗೆ ಇಪ್ಪತ್ತೆಂಟು ಬರೆದ, ಗೆರೆ ಎಳೆದು ಕೂಡಿದ. ಮೊಮ್ಮಗಳ ಪಕ್ಕ ನಾಲ್ಕು ಹೆಜ್ಜೆ ಓಡಿ ಗಂಟಲು ಹರಿಯುವಂತೆ ಕೂಗಿದ.

ಟೋರ್ಲೈಫ್: ನಲವತ್ತೆರಡು! ನಲವತ್ತೆರಡು ಸೆಕೆಂಡು ಹಿಂದೆ! ಹೇಯಾ, ಸುನ್ನೀವ, ಹೇಯಾ!

ಹುಡುಗಿಯ ಮುಖ ಬಿಳಿಚಿಕೊಂಡಿತು. ತಲೆ ತಗ್ಗಿಸಿ, ಕೋಲು ಚುಚ್ಚಿ, ಏರನ್ನು ಹಾಗೇ ನುಂಗಿಕೊಂಡು ಹೋದಳು. ಗುಡ್ರುನ್ ಗಂಡನ ಕಾಗದದೊಳಗೆ ಬಗ್ಗಿ ನೋಡಿದಳು.

ಗುಡ್ರುನ್: ನಲವತ್ತೆರಡಾ?

ಟೋರ್ಲೈಫ್: ಹಾರಿದ್ದು ಇಪ್ಪತ್ತೆಂಟು, ಓಡಿದ್ದು ಹದಿನಾಲ್ಕು. ಎರಡನ್ನೂ ಕೂಡ್ಬೇಕು. ನಮ್ಮ ಕಾಲದಿಂದ ಹೀಗೇ. ಯಾಕೆ, ತಪ್ಪಾ?

ಗುಡ್ರುನ್ ಬಾಯಿ ತೆರೆದಳು. ಮೊಮ್ಮಗಳು ಮಾಯವಾದ ಏರಿನ ಕಡೆ ಒಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡು ಕಿತ್ತಳೆ ಸುಲಿಯತೊಡಗಿದಳು. ಮಾತಿಗೆ ಮಾತು ಸೇರಿಸದ ಹೆಂಡತಿಯನ್ನು ಕಂಡು ಟೋರ್ಲೈಫನಿಗೆ ಗಾಬರಿಯಾಯಿತು.

ಟೋರ್ಲೈಫ್: ಹುಷಾರಿಲ್ವಾ ನಿಂಗೆ? ಥಂಡಿ ಹತ್ತಿತಾ?

ಗುಡ್ರುನ್: ಗಡಿಯಾರ ನೋಡು, ಗಡಿಯಾರ! ಎರಡನೇ ಸುತ್ತು ಬರ್ತಾ ಇದೆ.

ಈ ಸಲ ಮಂಜಿನಿಂದ ಮೊದಲು ಹೊರಬಿದ್ದವಳು ಸುನ್ನೀವ. ಉಗುಳು ಗಲ್ಲಕ್ಕೆ ಹೆಪ್ಪುಗಟ್ಟಿತ್ತು. ಟೋರ್ಲೈಫನ ಎದೆ ಹಿಗ್ಗಿತು. ಐದು ಸೆಕೆಂಡಿನ ನಂತರ ಆಸ್ಟ್ರಿಯಾದವಳು ಬಂದಳು. ಐದು ಮುಂದೆ, ಇಪ್ಪತ್ತೆಂಟು ಹಿಂದೆ. ಎರಡನ್ನೂ ಬರೆದು, ಗೆರೆ ಎಳೆದು ಕಳೆದ. ಏರು ಹತ್ತುತ್ತಿದ್ದ ಮೊಮ್ಮಗಳ ಬೆನ್ನಿಗೆ ಕೂಗಿದ.

ಟೋರ್ಲೈಫ್: ಇಪ್ಪತ್ಮೂರು! ಇನ್ನೂ ಇಪ್ಪತ್ಮೂರು ಸೆಕೆಂಡು ಹಿಂದೆ ಇದ್ದೀಯಾ ಮಗಳೇ!

ಗುಡ್ರುನ್: (ಅವನಿಗಿಂತ ಜೋರಾಗಿ) ಕೇಳ್ತಾ? ಇಪ್ಪತ್ಮೂರಂತೆ! ಓಡೇ!

ಸುನ್ನೀವ ಹಿಂದೆ ತಿರುಗಿ ನೋಡಲಿಲ್ಲ. ಅಳುತ್ತಳುತ್ತಲೇ ಏರಿನಾಚೆ ಹೋದಳು. ಟೋರ್ಲೈಫ್ ಹಿಮದ ಮೇಲೆ ಕುಸಿದು ಕೂತ.

ಟೋರ್ಲೈಫ್: ಇಪ್ಪತ್ಮೂರು ಜಾಸ್ತಿ ಆಯ್ತು ಕಣೇ. ಆಗಲ್ಲ. ಪಾಪ, ಜೀವ ಬಿಟ್ಟು ಓಡ್ತಿದೆ ಕೂಸು. ನಾನು ಇನ್ನೊಂದು ಚೂರು ಚೆನ್ನಾಗಿ ಹಾರೋದು ಕಲಿಸಿದ್ರೆ...

ಗುಡ್ರುನ್: ಕಿತ್ತಳೆ ತಿನ್ನು.

ಡೇರೆಯಿಂದ ಹಾಲ್ದೋರ್ ಕಾಲುಚೀಲದಲ್ಲೇ ಓಡಿಬಂದ.

ಹಾಲ್ದೋರ್: ಚಿನ್ನ! ನಿಮ್ಮ ಹುಡುಗಿಗೆ ಚಿನ್ನ! ಹನ್ನೊಂದು ಸೆಕೆಂಡು ಮುಂದೆ! ಆದ್ರೆ ಗೆರೆ ದಾಟಿದ್ರೂ ನಿಲ್ತಾನೇ ಇಲ್ವಂತೆ, ಹಿಡಿದು ನಿಲ್ಲಿಸೋಕೆ ಇಬ್ಬರು ಬೇಕಾದ್ರಂತೆ!

ಟೋರ್ಲೈಫ್: ಸುಳ್ಳು. ಲೆಕ್ಕ ಹಾಕ್ಬೇಕಲ್ಲ? ಹನ್ನೊಂದರಲ್ಲಿ ಇಪ್ಪತ್ತೆಂಟು...

ಹಾಲ್ದೋರ್: ಯಾವ ಇಪ್ಪತ್ತೆಂಟು? ಅದನ್ನ ಹೊರಡುವಾಗ್ಲೇ ಕಳೆದಾಯ್ತಲ್ಲ ಅಜ್ಜ! ತಡವಾಗಿ ಬಿಡೋದು ಅದಕ್ಕೇ ತಾನೇ? ಮೊದಲು ಗೆರೆ ಮುಟ್ಟಿದವರೇ ಗೆದ್ದ ಹಾಗೆ. ಕೂಡೋದು ಕಳೆಯೋದು ನಿಂತು ನಲವತ್ತು ವರ್ಷ ಆಯ್ತು!

ಟೋರ್ಲೈಫನ ಕೈಯಿಂದ ಪೆನ್ಸಿಲ್ ಜಾರಿ ಹಿಮದಲ್ಲಿ ಹೂತುಹೋಯಿತು.

ಒಂದು ಗಂಟೆಯ ಮೇಲೆ, ಓಟ ಮುಗಿಯುವ ಜಾಗದ ಬೇಲಿಯ ಆಚೆ ಸುನ್ನೀವ, ಈಚೆ ಇವರಿಬ್ಬರು.

ಸುನ್ನೀವ: ಏನಜ್ಜ ಅದು ಇಪ್ಪತ್ಮೂರು? ಒಂದನೇ ನಂಬರನ್ನ ನಾನೇ ದಾಟಿದ್ದೆ. ಕಣ್ಣಾರೆ ನೋಡಿದ್ದೆ. ಆದ್ರೂ ಅಜ್ಜ ಹೇಳಿದ್ಮೇಲೆ ಇನ್ಯಾರೋ ಮಂಜಲ್ಲಿ ಮುಂದೆ ಹೋಗಿರ್ಬೇಕು ಅಂತ ಅವಳನ್ನೇ ಹುಡುಕ್ತಾ ಓಡಿದೆ. ಎಲ್ಲಿದಾಳೆ ಅವಳು?

ಟೋರ್ಲೈಫ್: ತಪ್ಪಾಯ್ತು ಮಗಳೇ. ಈ ಮುದಿ ತಲೆ ನೋಡು...

ಗುಡ್ರುನ್: ಬಿಡೋ, ಅಳಬೇಡ. ಮೊದಲನೇ ಸುತ್ತಲ್ಲೇ ಗೊತ್ತಾಗಿತ್ತು ನಂಗೆ, ನೀನು ಎರಡೆರಡು ಸಲ ಕೂಡ್ತಿದ್ದೀಯಾ ಅಂತ.

ಟೋರ್ಲೈಫ್: ಗೊತ್ತಿತ್ತಾ? ಮತ್ತೆ ಹೇಳ್ಲಿಲ್ಲ?

ಗುಡ್ರುನ್: ಹೇಳಿದ್ರೆ ಇವಳು ಹಿಂದೆ ತಿರುಗಿ ನೋಡ್ತಿದ್ಲು. ಮದುವೆಯಾಗಿ ಐವತ್ತೊಂದು ವರ್ಷದಲ್ಲಿ ನಿನ್ನ ತಪ್ಪು ತಿದ್ದದೆ ಬಿಟ್ಟಿದ್ದು ಇವತ್ತೇ ಮೊದಲು ಕಣೋ. ಎಷ್ಟು ಕಷ್ಟ ಆಯ್ತು ಅಂತೀಯಾ? ಒಂದು ಡಜನ್ ಕಿತ್ತಳೆ ಖಾಲಿ!

ಸುನ್ನೀವ ನಗುತ್ತ ಬೇಲಿಯ ಮೇಲಿಂದಲೇ ಇಬ್ಬರನ್ನೂ ತಬ್ಬಿಕೊಂಡಳು. ಆದರೆ ಟೋರ್ಲೈಫನ ತಲೆಯಲ್ಲಿ ಮನೆಯ ಹಿಂದಿನ ದಿಬ್ಬ ಆಗಲೇ ಕುಸಿಯುತ್ತಿತ್ತು. ಓಟದಿಂದಲೇ ಗೆದ್ದಳಲ್ಲ, ಇನ್ನು ಮಾತೆಲ್ಲಿ?

ಟೋರ್ಲೈಫ್: ಹಾಗಾದ್ರೆ... ದಿಬ್ಬ?

ಗುಡ್ರುನ್: ಪಂತ ಪಂತವೇ. ಓಡಿಯೇ ಗೆದ್ಲು. ಮೇ ತಿಂಗಳಲ್ಲಿ ಹಿಮ ಕರಗಲಿ, ಸಲಿಕೆ ಹಿಡಿ.

ಟೋರ್ಲೈಫ್: ಓಡಿ ಅಲ್ಲ ಕಣೇ. ನಿನ್ನ ಬಾಯಿ ಎರಡು ಸುತ್ತು ಮುಚ್ಚಿದ್ದಕ್ಕೆ ಗೆದ್ಲು. ದಿಬ್ಬ ಅಲ್ಲೇ ಇರಲಿ. ಮುಂದಿನ ಚಾಂಪಿಯನ್‌ಶಿಪ್ಪಿಗೆ ಇನ್ನೆರಡು ವರ್ಷ ಇದೆ, ಅಲ್ಲೀವರೆಗೆ ಹೀಗೇ ಸುಮ್ನಿದ್ದು ನೋಡು, ಅದೂ ನಮ್ಮದೇ!