ಏಳೂವರೆ ಆಳಿನ ಗೋಡೆ

ಪಠ್ಯಪುಸ್ತಕದಲ್ಲಿ ಅಚ್ಚಾದ ಉತ್ತರ ತಪ್ಪಾಗಿರುವುದಿಲ್ಲ. ಒಂದು ವೇಳೆ ತಪ್ಪಾಗಿದ್ದಲ್ಲಿ, ಅದು ಸರಿಯಾಗುವಂತೆ ಜಗತ್ತಿನಲ್ಲಿ ತಕ್ಕ ಏರ್ಪಾಡು ಮಾಡುವುದು ಪಠ್ಯಪುಸ್ತಕ ಕಚೇರಿಯ ಕರ್ತವ್ಯವಾಗಿರುತ್ತದೆ.

ಏಳನೇ ತರಗತಿಯ ಗಣಿತ ಪುಸ್ತಕದ ಅನುಪಾತದ ಅಧ್ಯಾಯದಲ್ಲಿ ಒಂದು ಲೆಕ್ಕವಿತ್ತು. ಆರು ಆಳುಗಳು ಒಂದು ಗೋಡೆಯನ್ನು ಹತ್ತು ದಿನಗಳಲ್ಲಿ ಕಟ್ಟಿದರೆ, ಅದೇ ಗೋಡೆಯನ್ನು ಎಂಟು ದಿನಗಳಲ್ಲಿ ಕಟ್ಟಲು ಎಷ್ಟು ಆಳುಗಳು ಬೇಕು? ಪುಸ್ತಕದ ಕೊನೆಯ ಪುಟದಲ್ಲಿ ಉತ್ತರವಿತ್ತು: ಏಳೂವರೆ. ಮಕ್ಕಳು ಅರ್ಧ ಆಳನ್ನು ಎಲ್ಲೂ ಕಂಡವರಲ್ಲ. ಎಂಟು ಎಂದು ಬರೆದು ಸಾಲಾಗಿ ಸೊನ್ನೆ ತೆಗೆದುಕೊಂಡರು. ತಂದೆತಾಯಿಗಳು ಕಚೇರಿಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದರು. ಒಳಗೆ ಸಾಹೇಬರು ಶಾಂತವಾಗಿ ಯೋಚಿಸಿದರು. ತಪ್ಪೊಪ್ಪಿಕೊಳ್ಳುವುದಕ್ಕೆ ಕಚೇರಿಯಲ್ಲಿ ನಮೂನೆ ಇರಲಿಲ್ಲ. ನೇಮಕಾತಿಗೆ ಇತ್ತು.

"ಪ್ರಕಟಣೆ. ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಕಚೇರಿಯ ಹಿಂಭಾಗದಲ್ಲಿ ಗೋಡೆ ಕಟ್ಟಲು, ಈಗಾಗಲೇ ನೇಮಕವಾದ ಏಳು ಆಳುಗಳ ಜೊತೆಗೆ, ಅರ್ಧ ಆಳು ಬೇಕಾಗಿದ್ದಾರೆ. ಪೂರ್ತಿ ಆಳುಗಳ ಅರ್ಜಿಯನ್ನು ಪೂರ್ತಿಯಾಗಿ ತಿರಸ್ಕರಿಸಲಾಗುವುದು."

ಇದನ್ನು ಗಾರೆ ಕೆಲಸದ ಹುಡುಗನೊಬ್ಬ ಟೈಲರ್ ಅಂಗಡಿಯ ಮುಂದೆ ನಿಂತು ಎರಡು ಸಲ ಓದಿದ. ಅವನು ಆ ಅಂಗಡಿಯ ಮುಂದೆ ನಿಲ್ಲುವುದಕ್ಕೆ ಬೇರೆ ಕಾರಣವೂ ಇತ್ತು. ಒಳಗೆ ಮಿಷನ್ ತುಳಿಯುತ್ತಿದ್ದವಳನ್ನು ಮದುವೆಯಾಗಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು. ಅವಳೂ ಒಪ್ಪಿಯೇ ಇದ್ದಳು. ಆದರೆ ಅವಳ ತಾಯಿ ಕಾಜಾ ಹೊಲಿಯುತ್ತಾ ಕೂತಲ್ಲಿಂದಲೇ ತೀರ್ಪು ಕೊಟ್ಟಾಗಿತ್ತು: "ಕಾಯಂ ನೌಕರಿ ಹಿಡ್ಕೊಂಡು ಬಾ. ಆಮೇಲೆ ಮಾತು."

ಅವನು ಅರ್ಜಿ ಹಾಕಿದ.

ಸಂದರ್ಶನಕ್ಕೆ ಬಂದ ಒಬ್ಬ ತೀರಾ ಸಣಕಲನಾಗಿದ್ದು, ಕಾಲು ಆಳೆಂದು ವಾಪಸು ಕಳಿಸಲ್ಪಟ್ಟ. ಇನ್ನೊಬ್ಬ ಜಟ್ಟಿ, ಒಂದೂ ಮುಕ್ಕಾಲು ಎಂದು ಅಳೆದು ಅವನನ್ನೂ ಸಾಗಹಾಕಿದರು. ನಮ್ಮ ಗಾರೆಯವನು ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಅರ್ಧ ಹಾಕಿಕೊಂಡು, ಅರ್ಧ ಗಂಟೆ ತಡವಾಗಿ ಓಡಿ ಬಂದ. ಸಾಹೇಬರ ಕಣ್ಣು ಅರಳಿತು.

"ಗೋಡೆ ಕಟ್ಟೋಕೆ ಬರುತ್ತೇನಯ್ಯಾ?"

"ಬರುತ್ತೆ ಸಾರ್, ಆದ್ರೆ..." ಎನ್ನುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು.

"ಸಾಕು, ಸಾಕು! ಉತ್ತರಾನೂ ಅರ್ಧ!" ಎಂದು ಸಾಹೇಬರು ಸಹಿ ಮಾಡಿಯೇಬಿಟ್ಟರು.

ಸೇವಾ ನಿಯಮಗಳು ಸರಳವಾಗಿದ್ದವು. ಉಳಿದ ಏಳು ಮಂದಿ ತಲಾ ಎರಡು ಇಟ್ಟಿಗೆ ಇಟ್ಟಾಗ ಅವನು ಒಂದು ಇಡತಕ್ಕದ್ದು. ಬಲಗೈಯಲ್ಲಿ ಕರಣೆ ಹಿಡಿಯತಕ್ಕದ್ದು, ಎಡಗೈ ಕೆಲಸದ ವೇಳೆಯಲ್ಲಿ ಜೇಬಿನಲ್ಲಿರತಕ್ಕದ್ದು. ಚಹಾ ಅರ್ಧ ಲೋಟ. ಅನುಪಾತ ಕೆಡಿಸಿದಲ್ಲಿ ವಜಾ. ಗೋಡೆ ಎಂಟನೇ ದಿನ ಸಂಜೆ ಐದಕ್ಕೆ ಸರಿಯಾಗಿ ಮುಗಿದರೆ ಹುದ್ದೆ ಕಾಯಂ.

ಆ ಎಡಗೈಯ ಜೇಬನ್ನು ಟೈಲರ್ ಹುಡುಗಿಯೇ ಹೊಲಿದುಕೊಟ್ಟಳು. ಒಳಗೆ ಮೆತ್ತಗಿನ ಬಟ್ಟೆ ಇಟ್ಟು, ಕೈ ಮೊಣಕೈವರೆಗೆ ಇಳಿಯುವಂತೆ ಹೊಲಿದಳು. ಅವಳ ತಾಯಿ ಮಾತ್ರ ಮೂಗು ಮುರಿದಳು.

"ಅರ್ಧ ಅಳಿಯನಿಗೆ ಪೂರ್ತಿ ಮಗಳನ್ನ ಕೊಡ್ಲಾ? ಜನ ಏನಂದ್ಕೋತಾರೆ?"

"ಅಮ್ಮಾ, ಕಚೇರೀಲಿ ಮಾತ್ರ ಅರ್ಧ."

"ಕಚೇರೀಲಿ ಅರ್ಧ ಆದೋನು ಮನೇಗೆ ಬರೋಹೊತ್ತಿಗೆ ಎಷ್ಟು ಉಳೀತಾನೆ, ಅದನ್ನ ಹೇಳು ಮೊದ್ಲು!"

ಹುಡುಗಿ ಜೇಬಿನ ಬಾಯಿಗೆ ಇನ್ನೊಂದು ಸಾಲು ಹೊಲಿಗೆ ಹಾಕಿದಳು.

ಕೆಲಸ ಶುರುವಾಯಿತು. ನಾಲ್ಕು ದಿನ ಅವನು ಅಚ್ಚುಕಟ್ಟಾಗಿ ಅರ್ಧ ದುಡಿದ. ಬಸ್ಸಿನಲ್ಲಿ ಕಂಡಕ್ಟರ್ ನೇಮಕಾತಿ ಆದೇಶ ನೋಡಿ ಮರುಮಾತಾಡದೆ ಅರ್ಧ ಟಿಕೆಟ್ ಹರಿದು, "ಸೀಟಿನ ತುದೀಲಿ ಕೂತ್ಕೊಳ್ಳಿ" ಎಂದ. ಕ್ಷೌರದವನು ಅರ್ಧ ಗಡ್ಡ ಮುಗಿಸಿ ಕತ್ತಿ ಒರೆಸಿಟ್ಟ. ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಆದೇಶದ ಮೇಲೆ ಮೊಹರು ಇತ್ತು.

ಐದನೇ ದಿನ ಬೆಳಿಗ್ಗೆ ಹುಡುಗಿ ಗೋಡೆಯ ಹತ್ತಿರ ಬಂದು, "ಅಮ್ಮ ಹೂಂ ಅಂದ್ರು. ಕಾಯಂ ಆದ್ರೆ ಸಾಕಂತೆ" ಎಂದು ಕಿವಿಯಲ್ಲಿ ಹೇಳಿ ಓಡಿಹೋದಳು.

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಡಗೈ ಜೇಬಿನಿಂದ ಯಾವಾಗ ಹೊರಗೆ ಬಂತೋ ಅವನಿಗೇ ಗೊತ್ತಾಗಲಿಲ್ಲ. ಆ ಇಡೀ ದಿನ ಶಿಳ್ಳೆ ಹಾಕಿಕೊಂಡು ಇಬ್ಬರ ಕೆಲಸ ಮಾಡಿದ. ಉಳಿದ ಏಳು ಮಂದಿ ಕೆಲಸದಲ್ಲಿ ತಲೆ ಬಗ್ಗಿಸಿದ್ದರು, ಯಾರೂ ತಡೆಯಲಿಲ್ಲ. ಫಲವಾಗಿ ಎಂಟನೇ ದಿನ ತಂದೆತಾಯಿಗಳು, ಸಾಹೇಬರು, ಫೋಟೋದವರು ಎಲ್ಲ ಬಂದು ಸೇರುವ ಮೊದಲೇ, ಮಧ್ಯಾಹ್ನದ ಚಹಾದ ಹೊತ್ತಿಗೆ, ಗೋಡೆ ಮುಗಿದು ನಿಂತಿತ್ತು.

ಸಾಹೇಬರು ಗಡಿಯಾರ ನೋಡಿದರು, ಗೋಡೆ ನೋಡಿದರು. ಮುಖ ಸುಣ್ಣದ ಹಾಗಾಯಿತು.

"ಏನಯ್ಯಾ ಇದು? ಉತ್ತರ ಬರೋಕೆ ಮುಂಚೆ ಗೋಡೆ ಬಂದುಬಿಟ್ಟಿದೆ! ಅರ್ಧ ಆಳು ಅಂತ ನಂಬಿ ತಗೊಂಡ್ರೆ ಹಿಂದಿನಿಂದ ಪೂರ್ತಿ ಆಗ್ತೀಯಾ?"

"ತಪ್ಪಾಯ್ತು ಸಾರ್. ಒಂದೇ ದಿನ... ಖುಷಿಗೆ ಕೈ ತಡೀಲಿಲ್ಲ."

"ಖುಷಿ ಪಡೋಕೆ ಯಾರನ್ನ ಕೇಳಿದ್ದೆ? ವಜಾ!"

ನೌಕರಿ ಹೋದರೆ ಮದುವೆಯೂ ಹೋಯಿತು. ಎರಡೂ ಕೈ ಕಟ್ಟಿಕೊಂಡು ನಿಂತವನ ಕಣ್ಣು ತುಂಬಿಬಂತು. ಆಗ ಗುಂಪಿನಲ್ಲಿದ್ದ ಹುಡುಗಿ ಕತ್ತಿನಲ್ಲಿ ಅಳತೆ ಟೇಪು ನೇತುಬಿಟ್ಟುಕೊಂಡೇ ಮುಂದೆ ಬಂದಳು.

"ಸಾಹೇಬ್ರೇ, ಅಂಗಿ ಬಿಗಿಯಾದ್ರೆ ನಾವು ಮನುಷ್ಯನ್ನ ಬಿಸಾಡಲ್ಲ, ಹೊಲಿಗೆ ಬಿಚ್ಚಿ ಮತ್ತೆ ಹೊಲೀತೀವಿ. ಗೋಡೇನೂ ಬಿಚ್ಚಿ. ಮತ್ತೆ ಕಟ್ಟಿಸಿ. ಎಂಟನೇ ದಿನ ಸರಿಯಾಗಿ ಐದು ಗಂಟೆಗೆ ಮುಗಿಯೋವರೆಗೂ ಕಟ್ಟಿಸ್ತಾನೇ ಇರಿ. ಮುಂದಿನ ವರ್ಷದ ಮಕ್ಕಳಿಗೂ ಉತ್ತರ ಕಣ್ಣಾರೆ ಕಾಣಬೇಕಲ್ವಾ?"

ಸಾಹೇಬರ ಮುಖದಲ್ಲಿ ಅಂಥ ಸಂತೋಷ ಮೂಡಿತೆಂದರೆ, ಅವರಿಗೆ ಬಡ್ತಿ ಬಂದಾಗಲೂ ಅಷ್ಟು ಮೂಡಿರಲಿಲ್ಲ. ಗೋಡೆಯನ್ನು ಪ್ರತಿ ಬಾರಿ ಕಟ್ಟಿ, ಕೆಡವಿ, ಪುನಃ ಕಟ್ಟತಕ್ಕದ್ದೆಂದೂ, ಈ ಕೆಲಸಕ್ಕೆ ಕೊನೆ ಇಲ್ಲದಿರುವುದರಿಂದ ಅರ್ಧ ಆಳಿನ ಹುದ್ದೆಯನ್ನು ಈಗಲೇ ಕಾಯಂಗೊಳಿಸಲಾಗಿದೆಯೆಂದೂ ಅಲ್ಲೇ ಆದೇಶವಾಯಿತು. ತಂದೆತಾಯಿಗಳು ಚಪ್ಪಾಳೆ ತಟ್ಟಿದರು. ಸೊನ್ನೆ ಪಡೆದ ಮಕ್ಕಳನ್ನು ಗೋಡೆಯ ಮುಂದೆ ನಿಲ್ಲಿಸಿ, "ನೋಡಿದ್ರಾ? ಏಳೂವರೆ!" ಎಂದು ಕಿವಿ ಹಿಂಡಿದರು.

"ಏನಮ್ಮಾ, ನೀನು ದರ್ಜಿನಾ?" ಎಂದರು ಸಾಹೇಬರು. "ಅದೇ ಅಧ್ಯಾಯದ ಮುಂದಿನ ಲೆಕ್ಕ ನೋಡು. ಐದು ದರ್ಜಿಗಳು ನಾಲ್ಕು ದಿನದಲ್ಲಿ ಹೊಲಿಯೋ ಸಮವಸ್ತ್ರಾನ ಆರು ದಿನದಲ್ಲಿ ಹೊಲಿಯೋಕೆ ಎಷ್ಟು ದರ್ಜಿಗಳು ಬೇಕು? ಉತ್ತರ, ಮೂರು ಮತ್ತೆ ಮೂರನೇ ಒಂದು. ಆ ಮೂರನೇ ಒಂದಕ್ಕೆ ನಮಗಿನ್ನೂ ಯಾರೂ ಸಿಕ್ಕಿಲ್ಲ."

ಹೀಗೆ ಅವಳೂ ನೌಕರಿಗೆ ಸೇರಿದಳು. ಮದುವೆಯೂ ಆಯಿತು. ಕಚೇರಿಯ ವಸತಿಗೃಹ ಕೇಳಲು ಹೋದಾಗ ಮಾತ್ರ ಗುಮಾಸ್ತ ಪೆನ್ನು ಕಚ್ಚಿಕೊಂಡು ಲೆಕ್ಕ ಹಾಕಿ ತಲೆಯಾಡಿಸಿದ.

"ಮನೆ ಕೊಡೋದು ಕನಿಷ್ಠ ಒಬ್ಬ ಮನುಷ್ಯನಿಗೆ. ಇವರು ಅರ್ಧ, ನೀವು ಮೂರನೇ ಒಂದು. ಸೇರಿದ್ರೆ ಆರರಲ್ಲಿ ಐದು ಭಾಗ. ಇನ್ನೂ ಆರನೇ ಒಂದು ಭಾಗ ಕಮ್ಮಿ ಬೀಳುತ್ತೆ."

ಇಬ್ಬರೂ ಸಪ್ಪೆ ಮೋರೆ ಹಾಕಿದರು. ಹಿಂದೆ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದ ತಾಯಿ, ಮಗಳ ಮುಖ ನೋಡಿದಳು, ಅಳಿಯನ ಜೇಬಿನಲ್ಲಿದ್ದ ಎಡಗೈ ನೋಡಿದಳು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು.

"ಆ ಆರನೇ ಒಂದು ಭಾಗ ನಾನೇ ಅಂತ ಬರ್ಕೊಳ್ಳಪ್ಪ. ಅದಕ್ಕೆ ಏನು ಮಾಡ್ಬೇಕು?"

"ಮಾತು ಕಮ್ಮಿ ಆಡ್ಬೇಕಮ್ಮ."

"ಮಕ್ಕಳಿಗಾಗಿ ಅದನ್ನೂ ಮಾಡ್ತೀನಿ" ಎಂದಳು ತಾಯಿ. ಅವಳ ಬಾಯಿಂದ ಇಷ್ಟು ದೊಡ್ಡ ತ್ಯಾಗದ ಮಾತು ಅದುವರೆಗೆ ಬಂದಿರಲಿಲ್ಲ.

ಒಂದೇ ಕೋಣೆ, ಒಂದೇ ಕಿಟಕಿ, ಒಂದೇ ಕುರ್ಚಿ ಇರುವ ಮನೆ ಮಂಜೂರಾಯಿತು. ಮೂವರೂ ಹೇಗೋ ಅದರಲ್ಲೇ ಇಕ್ಕಟ್ಟಾಗಿ ಹೊಂದಿಕೊಂಡರು. ಸ್ವಲ್ಪ ದಿನಕ್ಕೆ ಜನಗಣತಿಯವನು ಬಂದು ಬಾಗಿಲು ತಟ್ಟಿದ.

"ಮನೇಲಿ ಎಷ್ಟು ಜನ ಇದ್ದೀರಮ್ಮ?"

"ಒಬ್ರೇ" ಎಂದಳು ತಾಯಿ, ಮಾತು ಕಡಿಮೆ ಮಾಡಿ.

ಒಳಗಿನಿಂದ ಇಬ್ಬರು ಕಿಸಕ್ಕನೆ ನಕ್ಕ ಸದ್ದು ಕೇಳಿತು. ಗಣತಿಯವನು ಕತ್ತು ಚಾಚಿ ನೋಡಿದ.

"ಹಾಗಾದ್ರೆ ಅವರು?"

"ಅವರನ್ನೂ ಸೇರಿಸಿಯೇ ಹೇಳಿದ್ದು."

ಗಣತಿಯವನು ಗೋಡೆಯ ಮೇಲಿದ್ದ ಮೊಹರಿನ ಆದೇಶ ಓದಿ, ಸರಿ ಎಂದು ತಲೆಯಾಡಿಸಿ, ಒಂದು ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದ.