ಮಾಳಿಗೆ ಹತ್ತಿದ ಹಲ್ಲು

ಊರಲ್ಲಿ ಹಲ್ಲು ಕೀಳುವ ಈರಸಂಗಪ್ಪನ ಹೊಸ ಯಂತ್ರ ಇಡ್ಲಿ ಪಾತ್ರೆಗೆ ಮಿಕ್ಸಿಯ ಮೋಟಾರು ಕೂಡಿಸಿದ ಹಾಗಿತ್ತು. ಹಾಗಿತ್ತು ಏನು, ಅದೇ ಆಗಿತ್ತು.

“ಇದು ದಂತಸಂಜೀವಿನಿ,” ಎಂದ ಆತ ಎದೆಯುಬ್ಬಿಸಿ. “ಹಲ್ಲು ಕೀಳೂದು, ಬೇರಿಗೆ ಈ ಅಂಟು ಸವರೂದು, ಇದರಾಗ ಕಾಯಿಸಿ ಮತ್ತ ಅದ ಜಾಗಾಕ್ಕ ಕೂರಿಸೂದು. ಎಲ್ಲಿ ಸುಣ್ಣದ ಅಂಶ ಸಿಗತೈತೋ ಅಲ್ಲಿ ಬೇರು ಬಿಡತೈತಿ. ನಿನ್ನ ಹಲ್ಲು ಉಳೀತೈತಿ, ಯಮನಪ್ಪ.”

ಯಮನಪ್ಪನಿಗೆ ನಂಬಿಕೆ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಊರವರ ಮದುವೆಗಳಿಗೆಲ್ಲ ಶಹನಾಯಿ ಊದಿ ಮುದುಕನಾದವನಿಗೆ ಈಗ ಸ್ವಂತ ಮೊಮ್ಮಗಳು ರೇಣವ್ವನ ಮದುವೆ ಬಂದಿತ್ತು. ಈಗಲೇ ಮುಂದಿನ ಹಲ್ಲು ತೂಗಾಡಬೇಕೇ! ತುಟಿಗೆ ಆಸರೆ ಅದೊಂದೇ. ಅದು ಹೋದರೆ ಶಹನಾಯಿಯಲ್ಲಿ ಬರೀ ಗಾಳಿ. ಕಟ್ಟಿಸಿದ ಹಲ್ಲಿನಲ್ಲಿ ಹೊಸದಾಗಿ ಊದಲು ಕಲಿಯುವ ವಯಸ್ಸು ಅವನದಲ್ಲ.

ಹಲ್ಲು ಕಿತ್ತದ್ದಾಯಿತು. ಅಂಟು ಸವರಿ ಹಾಲಿನ ಬಟ್ಟಲಲ್ಲಿಟ್ಟು ಯಂತ್ರ ಚಾಲೂ ಮಾಡಿದರೆ ಫ್ಯೂಸೇ ಸುಟ್ಟಿತು. ಈರಸಂಗಪ್ಪ ತಂತಿ ಸುತ್ತಲು ಹೋದ, ಯಮನಪ್ಪ ಬಾಯಿಗೆ ಅರಿವೆ ಒತ್ತಿಕೊಂಡು ಅವನಿಗೆ ಬ್ಯಾಟರಿ ಹಿಡಿದ. ಮರಳಿ ಬಂದಾಗ ಬಟ್ಟಲಲ್ಲಿ ಬರೀ ಹಾಲು.

“ಅವ್ವಾ, ಇಲ್ಲಿದ್ದ ಹಲ್ಲೆಲ್ಲಿ?” ಎಂದ ಈರಸಂಗಪ್ಪ.

“ಮಾಳಿಗಿ ಮ್ಯಾಲ ಒಗದೆ,” ಎಂದಳು ಅವನ ತಾಯಿ ಕೆಂಚವ್ವ, ಸಗಣಿಯ ಕೈ ತೊಳೆಯುತ್ತ. “ಬಿದ್ದ ಹಲ್ಲು ಮನ್ಯಾಗ ಇಟ್ಕೋತಾರೇನು? ಸಗಣ್ಯಾಗ ಸುತ್ತಿ ಒಗದ್ರ ಹೊಸಾದು ಬರತೈತಿ.”

“ಅದು ಸಣ್ಣ ಹುಡುಗರ ಹಲ್ಲಿಗೆ ಬೇ!”

“ಹಲ್ಲಿಗೇನು ವಯಸ್ಸು ಗೊತ್ತಾಗತೈತಿ?”

ಮಾಳಿಗೆಯ ಅಂಚಿನ ಗೋಡೆಗೆ ಆಗಷ್ಟೇ ಸುಣ್ಣ ಬಳಿದಿತ್ತು. ಹಲ್ಲು ಅಲ್ಲೇ ಕಚ್ಚಿಕೊಂಡಿತ್ತು. ಇಕ್ಕಳದಿಂದ ಎಳೆದರೆ ಗೋಡೆಯೇ ಅಲುಗಿತು. ಮರುದಿನ ಅದು ತೆಂಗಿನಕಾಯಿಯಷ್ಟಾಗಿತ್ತು, ಅಕ್ಕಪಕ್ಕದಲ್ಲಿ ಮರಿಹಲ್ಲುಗಳು. ಮದುವೆಯ ಹೊತ್ತಿಗೆ ಗೋಡೆಯ ತುಂಬ ಹಲ್ಲು! ಸಂದುಗಳಲ್ಲಿ ಗಾಳಿ ನುಗ್ಗಿ ಥೇಟ್ ಶಹನಾಯಿಯಂತೆ ಕೇಳಿಸತೊಡಗಿತು. ಬೀಗರು ತಲೆದೂಗಿದರು. ಚಪ್ಪರ ಈರಸಂಗಪ್ಪನ ಅಂಗಳಕ್ಕೇ ಬಂತು.

ಯಮನಪ್ಪ ಚಾಪೆಯ ಮೇಲೆ ಶಹನಾಯಿಯನ್ನು ತೊಡೆಯಲ್ಲಿಟ್ಟುಕೊಂಡು ಕೂತ. ಗೋಡೆಯ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಅದು ನಾಚಿಕೆಗೇಡು ಅನ್ನಿಸಿ ಇನ್ನಷ್ಟು ದುಃಖವಾಯಿತು.

ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ಗಾಳಿ ನಿಂತಿತು. ಗೋಡೆಯ ನಾದವೂ ನಿಂತಿತು. ಕೈಯಲ್ಲಿ ಅಕ್ಕಿ ಹಿಡಿದವರು ಮಾಳಿಗೆ ನೋಡಿದರು. ರೇಣವ್ವ ಮಾತ್ರ ಅಜ್ಜನನ್ನು ನೋಡಿದಳು.

ಯಮನಪ್ಪ ಎದ್ದು ಏಣಿ ಹತ್ತಿದ. ಎಲೆಯಡಿಕೆಯ ಕಲೆಯಿಂದ ತನ್ನ ಹಲ್ಲು ಯಾವುದೆಂದು ಗುರುತಿಸಿ, ಮಂಡಿಯೂರಿ, ಅದರ ಸಂದಿಗೆ ತುಟಿಯಿಟ್ಟು ಉಸಿರು ಬಿಟ್ಟ. ಒಂದೇ ಒಂದು ಸ್ವರ ಬಂತು, ಉದ್ದಕ್ಕೆ, ಅಳುವಿನಂತೆ. ಅಕ್ಕಿ ಬಿತ್ತು. ರೇಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೀಸೆಗೆ ಸುಣ್ಣ ಹತ್ತಿಸಿಕೊಂಡು ಇಳಿಯುತ್ತಿದ್ದವನಿಗೆ ಈರಸಂಗಪ್ಪ ಏಣಿ ಹಿಡಿದ.

“ನಾ ಹೇಳಿರ್ಲಿಲ್ಲೇನು,” ಎಂದ, “ಹಲ್ಲು ಉಳೀತೈತಿ ಅಂತ.”